ಥೈರಾಯ್ಡ್ ಗಂಟು ಕ್ಯಾನ್ಸರ್ ಹೌದೋ ಅಲ್ಲವೋ: ಇಮ್ಯೂನ್ ಮಾರ್ಕರ್‌ಗಳಲ್ಲಿ ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಲ್ಯಾಬ್‌ಗಳಿಗೆ ಯಾವುದು ಉಪಯೋಗ?

ಪಿಜಿ_ಕೊಪ್ಪಳ:
ಎಲ್ಲರಿಗೂ ನಮಸ್ಕಾರ. ಜರ್ನಲ್ ಕ್ಲಬ್ಬಿಗೆ (ಹೊಸ ಪ್ರಬಂಧಗಳನ್ನು ಓದಿ ಚರ್ಚಿಸುವ ಸಭೆ) ಬಂದಿರುವ ವಿಷಯ ಇದು. ಇಮ್ಯೂನ್ ಮಾರ್ಕರ್ ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಗುರುತು. ಈಚಿನ ಪ್ರಬಂಧಗಳು ಬಹುತೇಕ ಒಂದೇ ಅಚ್ಚಿನಲ್ಲಿವೆ. ಟಿಸಿಜಿಎ (ಅಮೆರಿಕದ ಕ್ಯಾನ್ಸರ್ ಜೀನ್ ಯೋಜನೆ), ಜಿಇಒ ಎಂಬ ಸಾರ್ವಜನಿಕ ಭಂಡಾರಗಳಿಂದ ಜೀನ್ ಮಾಹಿತಿ ಇಳಿಸಿಕೊಳ್ಳುತ್ತಾರೆ, ಇಮ್ಯೂನ್ ಜೀನ್‌ಗಳ ಪಟ್ಟಿಯ ಜೊತೆ ತಾಳೆ ನೋಡುತ್ತಾರೆ, ಲ್ಯಾಸೊ ಇಲ್ಲವೇ ರ‍್ಯಾಂಡಮ್ ಫಾರೆಸ್ಟ್ ಎಂಬ ಲೆಕ್ಕದ ವಿಧಾನ ಹಾಕಿ ನಾಲ್ಕೈದು ಜೀನ್ ಉಳಿಸುತ್ತಾರೆ, ಸೈಬರ್‌ಸಾರ್ಟ್ ಎಂಬ ಸಾಫ್ಟ್‌ವೇರಿನಿಂದ ಯಾವ ಬಿಳಿರಕ್ತಕಣ ಎಷ್ಟಿದೆ ಎಂದು ಅಂದಾಜು ಮಾಡುತ್ತಾರೆ. ಕೊನೆಗೆ ಎಯುಸಿ (ಟೆಸ್ಟ್ ಎರಡು ಗುಂಪುಗಳನ್ನು ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಎಂಬ ಅಂಕ, 1 ಅಂದರೆ ಪೂರ್ಣ) 0.95ರ ಮೇಲೆ. ನನ್ನ ಪ್ರಶ್ನೆ ಎರಡು. ಇದನ್ನು ಎಷ್ಟು ನಂಬಬಹುದು? ನಮ್ಮ ಮೂರು ಜಿಲ್ಲೆಗಳಲ್ಲಿ ಗಂಟು ಹಿಡಿದುಕೊಂಡು ಬರುವ ರೋಗಿಗೆ ಇವತ್ತು ಯಾವ ಇಮ್ಯೂನ್ ಮಾರ್ಕರ್‌ನಿಂದ ನಿಜವಾದ ಸಹಾಯ ಆಗುತ್ತದೆ?

ಅಂಕಿಲೆಕ್ಕ:
ಎಯುಸಿ ನೋಡುವ ಮುಂಚೆ ಏನನ್ನು ಏನರ ಜೊತೆ ಹೋಲಿಸಿದ್ದಾರೆ ಅಂತ ನೋಡಿ. ಟಿಸಿಜಿಎ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದ್ದದ್ದು 500ರ ಹತ್ತಿರ ಪ್ಯಾಪಿಲ್ಲರಿ ಕ್ಯಾನ್ಸರ್‌ಗಳು (ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಅತಿ ಸಾಮಾನ್ಯ ಬಗೆ). ಅದರ ಜೊತೆ 'ನಾರ್ಮಲ್' ಎಂದು ಬಳಸುವುದು ಅವರಲ್ಲೇ ಕೆಲವರ ಗ್ರಂಥಿಯ ಪಕ್ಕದ ಭಾಗ. ಒಪಿಡಿಯಲ್ಲಿ ಯಾರೂ 'ಇದು ಕ್ಯಾನ್ಸರೋ ಸಹಜ ಗ್ರಂಥಿಯೋ' ಅಂತ ಕೇಳುವುದಿಲ್ಲ. 'ಕ್ಯಾನ್ಸರೋ, ಸಾಧು (ಕ್ಯಾನ್ಸರ್ ಅಲ್ಲದ) ಗಂಟೋ' ಅಂತ ಕೇಳುತ್ತಾರೆ. ಆ ಗುಂಪೇ ಇಲ್ಲದ ಮಾಹಿತಿಯಿಂದ ಆ ಪ್ರಶ್ನೆಗೆ ಉತ್ತರ ಬರದು.

ಇನ್ನೊಂದು, ಕ್ಯಾನ್ಸರ್ ಮತ್ತು ಸಾಧು ಗಂಟುಗಳ ಅನುಪಾತ. ಸೆನ್ಸಿಟಿವಿಟಿ (ಕ್ಯಾನ್ಸರ್ ಇದ್ದವರನ್ನು ಹಿಡಿಯುವ ಪಾಲು) 90%, ಸ್ಪೆಸಿಫಿಸಿಟಿ (ಇಲ್ಲದವರನ್ನು ಇಲ್ಲ ಎನ್ನುವ ಪಾಲು) 90% ಇರುವ ಟೆಸ್ಟ್ ಒಂದಿದೆ ಅಂತ ಇಟ್ಟುಕೊಳ್ಳಿ. 1000 ಗಂಟುಗಳಲ್ಲಿ 50 ಕ್ಯಾನ್ಸರ್ ಇದ್ದರೆ 45 ಸಿಗುತ್ತವೆ, 5 ತಪ್ಪುತ್ತವೆ. ಉಳಿದ 950 ಸಾಧು ಗಂಟುಗಳಲ್ಲಿ 95ಕ್ಕೆ ಸುಳ್ಳು ಪಾಸಿಟಿವ್. ಒಟ್ಟು ಪಾಸಿಟಿವ್ 140, ನಿಜವಾದವು 45, ಅಂದರೆ 32%. ಅದೇ ಟೆಸ್ಟನ್ನು ಅರ್ಧಕ್ಕರ್ಧ ಕ್ಯಾನ್ಸರ್ ಇರುವ ಭಂಡಾರದಲ್ಲಿ ಓಡಿಸಿದರೆ 90% ತೋರಿಸುತ್ತದೆ. ಟೆಸ್ಟ್ ಬದಲಾಗಿಲ್ಲ, ಜನ ಬದಲಾಗಿದ್ದಾರೆ.

ಎಫ್‌ಎನ್‌ಎಸಿಯಲ್ಲಿ (ಸಣ್ಣ ಸೂಜಿಯಿಂದ ಗಂಟಿನ ಕೋಶ ತೆಗೆದು ನೋಡುವ ಪರೀಕ್ಷೆ) ತೀರ್ಮಾನ ಆಗದೆ ಉಳಿದವರಿಗೆ ಮಾತ್ರ ಮಾಡಿದರೆ ಲೆಕ್ಕ ಬೇರೆ. ಆ ಗುಂಪಿನಲ್ಲಿ 1000ಕ್ಕೆ 300 ಕ್ಯಾನ್ಸರ್ ಅಂತಿಟ್ಟುಕೊಂಡರೆ ಪಾಸಿಟಿವ್ 340, ಅದರಲ್ಲಿ 270 ನಿಜ, ಸುಮಾರು 79%. ನೆಗೆಟಿವ್ ಬಂದ 660ರಲ್ಲಿ 30 ಕ್ಯಾನ್ಸರ್ ಉಳಿದಿರುತ್ತವೆ. ಆದ್ದರಿಂದ ಪ್ರಬಂಧ ಓದುವಾಗ 'ಯಾರಿಗೆ ಮಾಡಿದ ಟೆಸ್ಟ್' ಎಂಬ ಸಾಲನ್ನು ಮೊದಲು ಹುಡುಕಿ. ಜೀನ್ ಆರಿಸುವುದನ್ನು ಇಡೀ ಮಾಹಿತಿಯ ಮೇಲೆ ಮಾಡಿ, ಆಮೇಲೆ ತರಬೇತಿ-ಪರೀಕ್ಷೆ ಅಂತ ಎರಡು ಭಾಗ ಮಾಡಿದ್ದರೆ ಆ ಎಯುಸಿಗೆ ಬೆಲೆ ಕೊಡಬೇಡಿ. ಉತ್ತರ ಮೊದಲೇ ಸೋರಿಹೋಗಿರುತ್ತದೆ.

ಸೈಟೊ_ಬಳ್ಳಾರಿ:
ಅಂಕಿಲೆಕ್ಕ ಸರ್ ಹೇಳಿದ್ದಕ್ಕೆ ಪ್ಯಾಥಾಲಜಿ ಕಡೆಯಿಂದ ಒಂದು ಮಾತು. ಈ 'ಇಮ್ಯೂನ್ ಜೀನ್'ಗಳಲ್ಲಿ ಎಷ್ಟೋ ಕ್ಯಾನ್ಸರ್ ಕೋಶದವಲ್ಲ, ಒಳನುಗ್ಗಿದ ಲಿಂಫೋಸೈಟ್‌ಗಳವು (ಒಂದು ಬಗೆಯ ಬಿಳಿರಕ್ತಕಣ). ತುಂಡನ್ನು ಇಡಿಯಾಗಿ ಅರೆದು ಆರ್‌ಎನ್‌ಎ ತೆಗೆದಾಗ ಯಾವುದು ಎಲ್ಲಿಂದ ಬಂತು ಗೊತ್ತಾಗದು. ಸೋನಾ ಮಸೂರಿ ಮತ್ತು ಬೇರೆ ತಳಿ ಕಲಸಿ ಬೀಸಿದ ಮೇಲೆ ಹಿಟ್ಟು ನೋಡಿ ಯಾವುದೆಷ್ಟು ಅಂತ ಹೇಳಿದ ಹಾಗೆ. ಹ್ಯಾಶಿಮೊಟೊ ಥೈರಾಯ್ಡೈಟಿಸ್ (ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಗೆ ಉರಿಯೂತ ತರುವ ಕಾಯಿಲೆ) ಇದ್ದರೆ ಕ್ಯಾನ್ಸರ್ ಇಲ್ಲದೆಯೂ ಇದೇ ಜೀನ್‌ಗಳು ಏರುತ್ತವೆ. ಹಾಗಾಗಿ ಹೋಲಿಕೆಯ ಗುಂಪಿನಲ್ಲಿ ಹ್ಯಾಶಿಮೊಟೊ ಗ್ರಂಥಿಗಳು ಇದ್ದವೇ ಎಂಬುದು ಜರ್ನಲ್ ಕ್ಲಬ್ಬಿನಲ್ಲಿ ನೀವು ಕೇಳಲೇಬೇಕಾದ ಪ್ರಶ್ನೆ.

ಎರಡನೇ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಇಮ್ಯೂನ್ ಮಾರ್ಕರ್ ಒಂದೇ ಗಂಟನ್ನು 'ಕ್ಯಾನ್ಸರ್' ಅಂತ ಹೇಳಲಾರದು. ಆದರೆ ನಾವು ಮಾಡುವ ಬೇರೆ ಟೆಸ್ಟುಗಳ ಫಲಿತಾಂಶವನ್ನು ನಂಬಬಹುದೋ ಇಲ್ಲವೋ ಎಂಬುದನ್ನು ಅದು ಹೇಳುತ್ತದೆ. ಅಷ್ಟೇ ದೊಡ್ಡ ಕೆಲಸ.

ಜನರಲ್_ಪ್ರಾಕ್ಟಿಸ್_ಗಂಗಾವತಿ:
ನಮ್ಮ ಕಡೆ ಪ್ಯಾಕೇಜ್ ಟೆಸ್ಟ್ ಹಾವಳಿ ಬಾಳ ಐತ್ರಿ. ಆ್ಯಂಟಿ-ಟಿಪಿಒ (ಥೈರಾಯ್ಡ್ ವಿರುದ್ಧ ದೇಹ ಮಾಡೋ ಆ್ಯಂಟಿಬಾಡಿ) 600ರ ಮ್ಯಾಲೆ ಬಂತಂದ್ರ ಮಂದಿ ಕ್ಯಾನ್ಸರ್ ಅಂತ ಗಾಬರಿ ಆಗ್ತಾರ. ಏನ್ ಹೇಳಬೇಕು? ಕ್ಯಾಂಪ್‌ನಾಗ ಎಲ್ಲಾರಿಗೂ ಕುತ್ತಿಗಿ ಸ್ಕ್ಯಾನ್ (ಅಲ್ಟ್ರಾಸೌಂಡ್) ಮಾಡಿಸೋದು ಸರಿನಾ?

ಕುತ್ತಿಗೆ_ಸರ್ಜನ್:
ಆ್ಯಂಟಿ-ಟಿಪಿಒ ಕ್ಯಾನ್ಸರ್ ಮಾರ್ಕರ್ ಅಲ್ಲ ಡಾಕ್ಟರೇ. ಅದು ಗ್ರಂಥಿಯ ಮೇಲೆ ದೇಹವೇ ತಿರುಗಿಬಿದ್ದಿದೆ ಎಂದು ಹೇಳುತ್ತದೆ. ಹೈಪೋಥೈರಾಯ್ಡ್ (ಥೈರಾಯ್ಡ್ ಹಾರ್ಮೋನ್ ಕೊರತೆ) ಆಗುವ ಸಂಭವ ಹೆಚ್ಚು, ಟಿಎಸ್‌ಎಚ್ (ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನ್) ನೋಡುತ್ತಿರಿ. 600 ಇದ್ದದ್ದು 1300 ಆದರೂ ಕ್ಯಾನ್ಸರ್ ಭಯ ದುಪ್ಪಟ್ಟಾಗುವುದಿಲ್ಲ. ಪದೇಪದೇ ಅಳೆಯುವ ಅಗತ್ಯವೂ ಇಲ್ಲ, ರೋಗಿಯ ದುಡ್ಡು ದಂಡ. ಹ್ಯಾಶಿಮೊಟೊ ಮತ್ತು ಪ್ಯಾಪಿಲ್ಲರಿ ಕ್ಯಾನ್ಸರ್ ಜೊತೆಗಿರುವುದು ಆಪರೇಷನ್ ಆದವರ ಲೆಕ್ಕದಲ್ಲಿ ಹೆಚ್ಚು ಕಾಣುತ್ತದೆ, ಎಫ್‌ಎನ್‌ಎಸಿಗೆ ಬಂದವರ ಲೆಕ್ಕದಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಆಪರೇಷನ್‌ಗೆ ಯಾರನ್ನು ಆರಿಸಿದರು ಎಂಬುದೇ ಅಲ್ಲಿ ಫಲಿತಾಂಶವನ್ನು ವಾಲಿಸುತ್ತದೆ.

ಎಲ್ಲರಿಗೂ ಸ್ಕ್ಯಾನ್ ಬೇಡವೇ ಬೇಡ. ದಕ್ಷಿಣ ಕೊರಿಯಾದಲ್ಲಿ ಹಾಗೆ ಮಾಡಿ 1993ಕ್ಕೆ ಹೋಲಿಸಿದರೆ 2011ರ ಹೊತ್ತಿಗೆ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ 15 ಪಟ್ಟಾಯಿತು, ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಕೈಗೆ ಗಂಟು ಸಿಕ್ಕರೆ, ದನಿ ಬದಲಾದರೆ, ಕುತ್ತಿಗೆಯಲ್ಲಿ ಗಡ್ಡೆ ಇದ್ದರೆ, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಸ್ಕ್ಯಾನ್ ಮಾಡಿಸಿ. ಸೂಜಿ ಯಾವಾಗ ಹಾಕಬೇಕು ಅನ್ನುವುದಕ್ಕೆ ಎಸಿಆರ್ ಟೈರಾಡ್ಸ್ (ಸ್ಕ್ಯಾನಿನ ಚಹರೆ ನೋಡಿ ಗಂಟಿಗೆ ಟಿಆರ್1ರಿಂದ ಟಿಆರ್5ರ ತನಕ ಸಂಶಯದ ದರ್ಜೆ ಕೊಡುವ ಅಮೆರಿಕದ ಪದ್ಧತಿ) ಇದೆ: ಟಿಆರ್5 ಆದರೆ ಗಂಟು ಕನಿಷ್ಠ 1 ಸೆಂ.ಮೀ., ಟಿಆರ್4 ಆದರೆ 1.5, ಟಿಆರ್3 ಆದರೆ 2.5. ಟಿಪಿಒ ಎಷ್ಟೇ ಇರಲಿ, ಈ ಅಳತೆ ಬದಲಾಗುವುದಿಲ್ಲ.

ಸೈಟೊ_ಬಳ್ಳಾರಿ:
ಟಿಪಿಒ ವರದಿ ಎಫ್‌ಎನ್‌ಎಸಿ ಫಾರ್ಮಿನ ಜೊತೆ ನನಗೆ ಬೇಕೇ ಬೇಕು, ಅದನ್ನು ಬಿಸಾಡಬೇಡಿ. ಕಾರಣ ಹೇಳುತ್ತೇನೆ.

ಹ್ಯಾಶಿಮೊಟೊದಲ್ಲಿ ಹಾರ್ಮೋನ್ ಮಾಡುವ ಫಾಲಿಕ್ಯುಲರ್ ಕೋಶಗಳ ನ್ಯೂಕ್ಲಿಯಸ್ ದೊಡ್ಡದಾಗುತ್ತದೆ, ಬಣ್ಣ ತೆಳುವಾಗುತ್ತದೆ, ಅಲ್ಲೊಂದು ಇಲ್ಲೊಂದು ಗೀರು ಬರುತ್ತದೆ. ಇವಿಷ್ಟೂ ಪ್ಯಾಪಿಲ್ಲರಿ ಕ್ಯಾನ್ಸರ್‌ನ ಚಹರೆಯೇ. ಒತ್ತೊತ್ತಾದ ಕೋಶಗಳ ಹಾಳೆ, ಅದರೊಳಗೆ ಲಿಂಫೋಸೈಟ್ ಇಲ್ಲದಿರುವುದು, ಬಹುಪಾಲು ನ್ಯೂಕ್ಲಿಯಸ್‌ಗಳಲ್ಲಿ ಗೀರು, ಅಂಚು ಸ್ಪಷ್ಟವಾಗಿದ್ದು ಒಳಗಿನ ಬಣ್ಣ ಸೈಟೊಪ್ಲಾಸಮ್‌ನಂತೆಯೇ ಇರುವ ಸ್ಯೂಡೊಇನ್‌ಕ್ಲೂಷನ್ (ನ್ಯೂಕ್ಲಿಯಸ್‌ನೊಳಗೆ ಕಾಣುವ ಗುಳ್ಳೆಯಂಥ ಚಹರೆ), ಇವು ಕೂಡಿ ಬಂದರೆ ಮಾತ್ರ ಬೆಥೆಸ್ಡಾ 5 ಅಥವಾ 6 (ಎಫ್‌ಎನ್‌ಎಸಿ ವರದಿಯ ಆರು ದರ್ಜೆಗಳಲ್ಲಿ 5 ಅಂದರೆ ಕ್ಯಾನ್ಸರ್ ಸಂಶಯ, 6 ಅಂದರೆ ಕ್ಯಾನ್ಸರ್). ಬರೇ ಗೀರು ನೋಡಿ ಬರೆದರೆ ಥೈರಾಯ್ಡೈಟಿಸ್ ರೋಗಿಯ ಗ್ರಂಥಿ ಸುಮ್ಮನೆ ಹೋಗುತ್ತದೆ.

ನಮ್ಮ ಬಿಸಿಲಿಗೆ ಇನ್ನೊಂದು ಕಾಟ. ಏಪ್ರಿಲ್-ಮೇನಲ್ಲಿ ಫ್ಯಾನ್ ಕೆಳಗೆ ಸ್ಲೈಡ್ ಹರಡಿದರೆ ಸೆಕೆಂಡುಗಳಲ್ಲಿ ಒಣಗುತ್ತದೆ. ಪ್ಯಾಪ್ ಬಣ್ಣಕ್ಕೆ ಇಟ್ಟ ಸ್ಲೈಡ್ 95% ಆಲ್ಕೋಹಾಲಿಗೆ ಹೋಗುವ ಮುಂಚೆ ಒಣಗಿದರೆ ನ್ಯೂಕ್ಲಿಯಸ್ ಉಬ್ಬಿ, ಕ್ರೊಮ್ಯಾಟಿನ್ ಮಸುಕಾಗಿ, ಇಲ್ಲದ ಪ್ಯಾಪಿಲ್ಲರಿ ಕಾಣಿಸುತ್ತದೆ. ಜಾರಿನ ಮುಚ್ಚಳ ತೆಗೆದು ಪಕ್ಕದಲ್ಲೇ ಇಟ್ಟುಕೊಂಡು ಹರಡಿದ ಕೈಯಲ್ಲೇ ಮುಳುಗಿಸಿ, ಫ್ಯಾನ್ ಆರಿಸಿ. ಗೀಮ್ಸಾ ಬಣ್ಣಕ್ಕೆ ಒಣಗಿಸುವ ಸ್ಲೈಡುಗಳನ್ನು ಬೇರೆ ಗುರುತು ಹಾಕಿ ಇಡಿ.

ಇದರ ತಿರುಗುಮುರುಗು ತಪ್ಪು ಇನ್ನೂ ಅಪಾಯದ್ದು. ಡಿಫ್ಯೂಸ್ ಸ್ಕ್ಲೆರೋಸಿಂಗ್ ಬಗೆಯ ಪ್ಯಾಪಿಲ್ಲರಿ ಕ್ಯಾನ್ಸರ್ ಹರೆಯದವರಲ್ಲಿ ಬರುತ್ತದೆ, ಗ್ರಂಥಿ ಇಡಿಯಾಗಿ ಗಟ್ಟಿಯಾಗುತ್ತದೆ, ಆ್ಯಂಟಿಬಾಡಿ ಪಾಸಿಟಿವ್ ಇರುವುದು ಸಾಮಾನ್ಯ, ಸ್ಲೈಡ್ ತುಂಬ ಲಿಂಫೋಸೈಟ್. ಟಿಪಿಒ ನೋಡಿ 'ಹ್ಯಾಶಿಮೊಟೊ' ಅಂತ ಬರೆದು ಮುಗಿಸಿದರೆ ಕ್ಯಾನ್ಸರ್ ಕೈತಪ್ಪಿತು. ಸ್ಕ್ಯಾನಿನಲ್ಲಿ ಗ್ರಂಥಿ ಪೂರ್ತಿ ಸಣ್ಣಸಣ್ಣ ಸುಣ್ಣದ ಚುಕ್ಕೆ ಚೆಲ್ಲಿದಂತಿದ್ದರೆ, ಸ್ಲೈಡಿನಲ್ಲಿ ಸ್ಯಾಮೋಮಾ ಬಾಡಿ (ಪದರಪದರವಾದ ಸುಣ್ಣದ ಉಂಡೆ) ಇದ್ದರೆ, ಪಕ್ಕದ ಲಿಂಫ್ ಗಂಟು ದಪ್ಪ ಇದ್ದರೆ ಮತ್ತೆ ಸೂಜಿ ಹಾಕಿ. ವಾರ್ಥಿನ್ ಮಾದರಿಯ (ಲಿಂಫೋಸೈಟ್ ತುಂಬಿದ) ಪ್ಯಾಪಿಲ್ಲರಿಯೂ ಹೀಗೇ ಮೋಸ ಮಾಡುತ್ತದೆ.

ಕುತ್ತಿಗೆ_ಸರ್ಜನ್:
ಹಾಗಾದರೆ ಬೆಥೆಸ್ಡಾ 3 (ತೀರ್ಮಾನವಾಗದ ದರ್ಜೆ) ಬಂದ ಎಲ್ಲರಿಗೂ ಗ್ಯಾಲೆಕ್ಟಿನ್-3, ಎಚ್‌ಬಿಎಂಇ-1, ಸಿಕೆ19 (ಕೋಶಗಳ ಪ್ರೋಟೀನ್‌ಗೆ ಆ್ಯಂಟಿಬಾಡಿಯಿಂದ ಬಣ್ಣ ಹಿಡಿಸುವ ಟೆಸ್ಟುಗಳು) ಮೂರೂ ಹಾಕಿಬಿಡಬಹುದಲ್ಲ ಮೇಡಂ? ಜೀನ್ ಪ್ಯಾನೆಲ್‌ಗಿಂತ ಅಗ್ಗ.

ಸೈಟೊ_ಬಳ್ಳಾರಿ:
ಎಲ್ಲರಿಗೂ ಬೇಡ ಸರ್. ಸಿಕೆ19 ಹ್ಯಾಶಿಮೊಟೊದಲ್ಲೂ ಅಲ್ಲಲ್ಲಿ ಹಿಡಿಯುತ್ತದೆ, ಗ್ಯಾಲೆಕ್ಟಿನ್-3 ಕೂಡ ಆಂಕೊಸೈಟಿಕ್ ಕೋಶಗಳಲ್ಲಿ (ಹ್ಯಾಶಿಮೊಟೊದಲ್ಲೂ ಕಾಣುವ, ಮೈಟೊಕಾಂಡ್ರಿಯಾ ತುಂಬಿದ ದೊಡ್ಡ ಕೋಶಗಳು) ಬರುತ್ತದೆ. ಮೂರರಲ್ಲಿ ಥೈರಾಯ್ಡೈಟಿಸ್ ಗೊಂದಲ ಕಡಿಮೆ ಇರುವುದು ಎಚ್‌ಬಿಎಂಇ-1ಕ್ಕೆ. ಮೂರೂ ಗಟ್ಟಿಯಾಗಿ, ಹರಡಿ ಬಂದರೆ ಕ್ಯಾನ್ಸರ್ ಕಡೆ ತೂಕ ಹೆಚ್ಚು. ಒಂದೇ ಬಂದರೆ ಅದನ್ನು ಹಿಡಿದು ಗ್ರಂಥಿ ತೆಗೆಯಬಾರದು. ಬಿರಾಫ್ ವಿ600ಇ ಎಂಬ ಜೀನ್ ಮ್ಯುಟೇಷನ್ ಗುರುತಿಸುವ ವಿಇ1 ಆ್ಯಂಟಿಬಾಡಿ ಬಂದರೆ ಪ್ಯಾಪಿಲ್ಲರಿ ಬಹುತೇಕ ಖಚಿತ. ಬರದಿದ್ದರೆ ಕ್ಯಾನ್ಸರ್ ಇಲ್ಲ ಅಂತಲ್ಲ, ಟಿಸಿಜಿಎ ಲೆಕ್ಕದಲ್ಲೇ ಆ ಮ್ಯುಟೇಷನ್ ಸುಮಾರು 60%ರಲ್ಲಿ ಮಾತ್ರ.

ಇದಕ್ಕಿಂತ ಮುಂಚಿನ ತೊಡಕು ಸೆಲ್ ಬ್ಲಾಕ್, ಅಂದರೆ ಸೂಜಿಯ ಕೋಶಗಳನ್ನು ಒಟ್ಟುಮಾಡಿ ಮೇಣದ ಅಚ್ಚಿನಲ್ಲಿ ಇಡುವುದು. ಸ್ಲೈಡ್ ಮಾಡಿ ಉಳಿದ ಸೂಜಿ ತೊಳೆದ ನೀರಿನಲ್ಲಿ ಬ್ಲಾಕ್‌ಗೆ ಸಾಕಷ್ಟು ಕೋಶ ಸಾಮಾನ್ಯವಾಗಿ ಸಿಗುವುದಿಲ್ಲ, ಒಂದು ಪೂರ್ತಿ ಚುಚ್ಚು ಅದಕ್ಕೇ ಮೀಸಲಿಡಿ. ಪ್ಲಾಸ್ಮಾ-ಥ್ರಾಂಬಿನ್ ಮಾಡುವವರು ಮಾದರಿಯನ್ನು ಸಲೈನಿನಲ್ಲಿ ತನ್ನಿ. ಫಾರ್ಮಲಿನ್‌ಗೆ ಮೊದಲೇ ಹಾಕಿದರೆ ಹೆಪ್ಪುಗಟ್ಟುವುದಿಲ್ಲ. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ನೀರು ಚೆಲ್ಲಿ, ಕೆಳಗೆ ಕೂತದ್ದಕ್ಕೆ 2 ಹನಿ ಪ್ಲಾಸ್ಮಾ, 2 ಹನಿ ಥ್ರಾಂಬಿನ್; ಹೆಪ್ಪುಗಟ್ಟಿದ್ದನ್ನು ಫಿಲ್ಟರ್ ಪೇಪರಿನಲ್ಲಿ ಸುತ್ತಿ 10% ಬಫರ್ಡ್ ಫಾರ್ಮಲಿನ್‌ಗೆ. ಕನಿಷ್ಠ 6 ಗಂಟೆ. 3-4 ಮೈಕ್ರಾನ್ ಸೀಳು, ಚಾರ್ಜ್ಡ್ ಸ್ಲೈಡ್ ಮೇಲೆ. ಸಾದಾ ಸ್ಲೈಡ್ ಬಳಸಿದರೆ ಆ್ಯಂಟಿಜೆನ್ ರಿಟ್ರೀವಲ್‌ನ (ಫಾರ್ಮಲಿನ್ ಮುಚ್ಚಿದ ಪ್ರೋಟೀನ್ ಜಾಗ ತೆರೆಯುವ ಹಂತ) ಬಿಸಿಗೆ ಸೀಳು ಎದ್ದು ತೇಲಿಹೋಗುತ್ತದೆ.

ಸಿಂಧನೂರು_ಲ್ಯಾಬ್:
ರಿಟ್ರೀವಲ್ ಬಫರ್ ಕಲಸಾಕ ಬೋರ್ ನೀರು ಹಾಕಬ್ಯಾಡ್ರಿ, ನಮ್ಮ ಕಡೆ ನೀರಿನ್ಯಾಗ ಉಪ್ಪಿನಂಶ ಭಾಳ. ಪಿಎಚ್ 6.0 ಇರಬೇಕಾದ ಸಿಟ್ರೇಟ್ ಎತ್ತೆತ್ತೋ ಹೋಗ್ತದ, ಬಣ್ಣ ಹಿಡಿಯೋದಿಲ್ಲ. ಡಿಸ್ಟಿಲ್ಡ್ ನೀರು, ಪ್ರತಿ ಸಲ ಪಿಎಚ್ ಮೀಟರ್.

ಸೈಟೊ_ಬಳ್ಳಾರಿ:
ಸರಿಯಾಗಿ ಹೇಳಿದಿರಿ. ಇದಕ್ಕೆ ಸೇರಿಸಿ: ಆಂಕೊಸೈಟಿಕ್ ಕೋಶಗಳ ಒಳಗೇ ಬಯೋಟಿನ್ (ಒಂದು ಬಿ-ವಿಟಮಿನ್) ತುಂಬಿರುತ್ತದೆ. ಅವಿಡಿನ್-ಬಯೋಟಿನ್ ಕಿಟ್ ಬಳಸಿದರೆ ಯಾವ ಆ್ಯಂಟಿಬಾಡಿ ಹಾಕಿದರೂ ಕಂದು ಬರುತ್ತದೆ, ರಿಟ್ರೀವಲ್‌ನಿಂದ ಇನ್ನೂ ಜಾಸ್ತಿ. ಬಯೋಟಿನ್ ಬಳಸದ ಪಾಲಿಮರ್ ಕಿಟ್ ತಗೊಳ್ಳಿ. ಪ್ರೈಮರಿ ಆ್ಯಂಟಿಬಾಡಿ ಹಾಕದ ಒಂದು ಸ್ಲೈಡನ್ನು ಜೊತೆಗೆ ಓಡಿಸಿ. ಅದೂ ಕಂದಾದರೆ ಇಡೀ ಬ್ಯಾಚ್ ಅನ್ನು ನಂಬಬೇಡಿ.

ಸೀರಂ_ರಾಯಚೂರು:
ನನಗೆ ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದು ಆ್ಯಂಟಿ-ಟಿಜಿ, ಅಂದರೆ ಥೈರೊಗ್ಲಾಬ್ಯುಲಿನ್ ವಿರುದ್ಧದ ಆ್ಯಂಟಿಬಾಡಿ. ಇಮ್ಯೂನ್ ಮಾರ್ಕರ್ ಅಂದ ತಕ್ಷಣ ಎಲ್ಲರೂ ಜೀನ್ ಕಡೆ ಓಡುತ್ತಾರೆ, ದಿನನಿತ್ಯ ರೋಗಿಗೆ ಪೆಟ್ಟು ಬೀಳುತ್ತಿರುವುದು ಇಲ್ಲಿ.

ಥೈರೊಗ್ಲಾಬ್ಯುಲಿನ್, ಅಂದರೆ ಟಿಜಿ, ಥೈರಾಯ್ಡ್ ಕೋಶ ಮಾತ್ರ ಮಾಡುವ ಪ್ರೋಟೀನ್. ಗ್ರಂಥಿ ಇರುವಾಗ ಇದರಿಂದ ಕ್ಯಾನ್ಸರ್ ಪತ್ತೆ ಆಗದು. ಗಳಗಂಡ, ಗ್ರೇವ್ಸ್, ಥೈರಾಯ್ಡೈಟಿಸ್ ಎಲ್ಲದರಲ್ಲೂ ಏರುತ್ತದೆ. ಗ್ರಂಥಿ ಪೂರ್ತಿ ತೆಗೆದ ಮೇಲೆ, ಅದರಲ್ಲೂ ರೇಡಿಯೊ ಅಯೋಡಿನ್ ಕೊಟ್ಟವರಲ್ಲಿ, ರಕ್ತದ ಟಿಜಿಗೆ ಹೆಚ್ಚು ಬೆಲೆ. ಎಟಿಎ (ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್) 2015ರ ಮಾರ್ಗಸೂಚಿ ಪ್ರಕಾರ, ಸ್ಕ್ಯಾನ್ ಸ್ವಚ್ಛವಿದ್ದು, ಥೈರಾಯ್ಡ್ ಮಾತ್ರೆ ತಗೊಳ್ಳುತ್ತಿರುವಾಗ ಟಿಜಿ 0.2 ನ್ಯಾನೊಗ್ರಾಂ/ಮಿ.ಲೀ.ಗಿಂತ ಕಡಿಮೆ ಅಥವಾ ಟಿಎಸ್‌ಎಚ್ ಏರಿಸಿ ನೋಡಿದಾಗ 1ಕ್ಕಿಂತ ಕಡಿಮೆ ಇದ್ದರೆ ಉತ್ತಮ ಫಲ.

ತೊಡಕು ಏನೆಂದರೆ, ಈ ಕ್ಯಾನ್ಸರ್ ರೋಗಿಗಳಲ್ಲಿ ನಾಲ್ಕೈದು ಜನರಿಗೆ ಒಬ್ಬರ ರಕ್ತದಲ್ಲಿ ಟಿಜಿ ವಿರುದ್ಧವೇ ಆ್ಯಂಟಿಬಾಡಿ ಇರುತ್ತದೆ. ನಮ್ಮ ಯಂತ್ರಗಳದ್ದು ಸ್ಯಾಂಡ್‌ವಿಚ್ ವಿಧಾನ: ಒಂದು ಆ್ಯಂಟಿಬಾಡಿ ಟಿಜಿಯನ್ನು ಹಿಡಿಯಬೇಕು, ಇನ್ನೊಂದು ಮತ್ತೊಂದು ಕಡೆಯಿಂದ ಅಂಟಿ ಬೆಳಕು ಕೊಡಬೇಕು. ರೋಗಿಯ ಆ್ಯಂಟಿಬಾಡಿ ಆ ಜಾಗಗಳನ್ನು ಮೊದಲೇ ಮುಚ್ಚಿದರೆ ಬೆಳಕು ಬರುವುದಿಲ್ಲ, ವರದಿ '<0.1'. ಕ್ಯಾನ್ಸರ್ ಶ್ವಾಸಕೋಶಕ್ಕೆ ಹೋಗಿದ್ದರೂ '<0.1' ಬರಬಹುದು. ಆ್ಯಂಟಿ-ಟಿಜಿ ಇಲ್ಲದೆ ಟಿಜಿ ಒಂದನ್ನೇ ವರದಿ ಮಾಡುವುದನ್ನು ಲ್ಯಾಬ್‌ಗಳು ನಿಲ್ಲಿಸಬೇಕು, ಪ್ರತಿ ಸಲವೂ ಎರಡೂ ಒಂದೇ ಟ್ಯೂಬಿನಿಂದ.

ಪಿಜಿ_ಕೊಪ್ಪಳ:
ಸರ್, ಆ್ಯಂಟಿ-ಟಿಜಿ ನಾರ್ಮಲ್ ರೇಂಜಿನೊಳಗೆ ಇದ್ದರೆ ಟಿಜಿ ನಂಬಬಹುದಲ್ಲವೇ?

ಸೀರಂ_ರಾಯಚೂರು:
ಇಲ್ಲ, ಅಲ್ಲೇ ಎಡವುವುದು. ವರದಿಯಲ್ಲಿ ಅಚ್ಚಾಗುವ ಮಿತಿ ಹ್ಯಾಶಿಮೊಟೊ ಪತ್ತೆಗೆ ಇಟ್ಟದ್ದು. ಒಂದು ಯಂತ್ರದಲ್ಲಿ ಅದು 4, ಇನ್ನೊಂದರಲ್ಲಿ 115, ಎರಡರಲ್ಲೂ ಘಟಕ ಮಾತ್ರ ಐಯು/ಮಿ.ಲೀ. 115 ಮಿತಿಯ ಯಂತ್ರದಲ್ಲಿ 60 ಬಂದರೆ 'ನಾರ್ಮಲ್' ಅಂತ ಬರೆಯುತ್ತದೆ, ಟಿಜಿಗೆ ಅಡ್ಡ ಬರಲು ಅಷ್ಟೇ ಸಾಕಾಗಬಹುದು. ಯಂತ್ರ ಅಳೆಯಬಲ್ಲ ಕನಿಷ್ಠ ಮಟ್ಟಕ್ಕಿಂತ ಮೇಲೆ ಏನು ಬಂದರೂ ಅಡ್ಡಿ ಇರಬಹುದು ಅಂತಲೇ ಓದಿ.

ಇದೇ ಕಾರಣಕ್ಕೆ ಈ ಸಲ ಬಳ್ಳಾರಿ, ಮುಂದಿನ ಸಲ ಹೈದರಾಬಾದ್, ಆಮೇಲೆ ಬೆಂಗಳೂರು ಅಂತ ಲ್ಯಾಬ್ ಬದಲಿಸಿದರೆ ಗ್ರಾಫ್ ಎಳೆಯಲು ಬರುವುದಿಲ್ಲ. ಬದಲಿಸಲೇಬೇಕಾದರೆ ಒಂದೇ ದಿನದ ರಕ್ತವನ್ನು ಹಳೆಯ ಮತ್ತು ಹೊಸ ಎರಡೂ ವಿಧಾನದಲ್ಲಿ ಮಾಡಿಸಿ ಹೊಸ ಗೆರೆ ಶುರು ಮಾಡಿ.

ಆ್ಯಂಟಿಬಾಡಿ ಪಾಸಿಟಿವ್ ಇರುವವರಲ್ಲಿ ಆ ಆ್ಯಂಟಿಬಾಡಿಯೇ ಮಾರ್ಕರ್. ಟಿಜಿ ಮಾಡುವ ಕೋಶ ಹೋದರೆ ದೇಹಕ್ಕೆ ಪ್ರಚೋದನೆ ಇಲ್ಲ, ಆ್ಯಂಟಿಬಾಡಿ ನಿಧಾನವಾಗಿ ಇಳಿಯುತ್ತದೆ, ಪೂರ್ತಿ ಮಾಯವಾಗಲು ವರ್ಷಗಳೇ ಹಿಡಿಯಬಹುದು. ಮೊದಲ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿದರೆ ಒಳ್ಳೆಯ ಲಕ್ಷಣ. ಇಳಿದದ್ದು ಮತ್ತೆ ಏರತೊಡಗಿದರೆ ಅಥವಾ ಇಲ್ಲದವರಲ್ಲಿ ಹೊಸದಾಗಿ ಬಂದರೆ ಕುತ್ತಿಗೆ ಸ್ಕ್ಯಾನ್ ಮಾಡಿಸಿ. ಆಪರೇಷನ್ ಅಥವಾ ಅಯೋಡಿನ್ ಆದ ಮೊದಲ ಕೆಲವು ತಿಂಗಳಲ್ಲಿ ಮಾತ್ರ ಹಾನಿಯಾದ ಕೋಶಗಳಿಂದ ಟಿಜಿ ಸೋರಿ ತಾತ್ಕಾಲಿಕ ಏರಿಕೆ ಇರುತ್ತದೆ, ಅದಕ್ಕೆ ಗಾಬರಿ ಬೇಡ.

ಅಂಕಿಲೆಕ್ಕ:
ಮಾಸ್ ಸ್ಪೆಕ್ಟ್ರೊಮೆಟ್ರಿ (ತುಣುಕುಗಳ ತೂಕದಿಂದ ಪ್ರೋಟೀನ್ ಅಳೆಯುವ ವಿಧಾನ) ಬಂದ ಮೇಲೆ ಈ ಸಮಸ್ಯೆ ತೀರಿತು ಅಂತ ಓದಿದ್ದೆ?

ಸೀರಂ_ರಾಯಚೂರು:
ಪೂರ್ತಿ ತೀರಿಲ್ಲ. ಅಲ್ಲಿ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಟಿಜಿಯನ್ನೂ ಆ್ಯಂಟಿಬಾಡಿಯನ್ನೂ ಕತ್ತರಿಸಿ ಟಿಜಿಯ ತುಣುಕನ್ನು ಅಳೆಯುತ್ತಾರೆ, ಹಾಗಾಗಿ ಮುಚ್ಚುವ ಸಮಸ್ಯೆ ಇಲ್ಲ. ಆದರೂ ಆ್ಯಂಟಿಬಾಡಿ ಇರುವ ಕೆಲವರಲ್ಲಿ ರೋಗ ಕಣ್ಣಿಗೆ ಕಾಣುತ್ತಿದ್ದರೂ ಟಿಜಿ ಸಿಗುವುದಿಲ್ಲ. ಸ್ಕ್ಯಾನ್ ಬಿಡುವಂತಿಲ್ಲ.

ಸಿಂಧನೂರು_ಲ್ಯಾಬ್:
ಕೂದಲು ಉದುರತಾವಂತ ಬಯೋಟಿನ್ ಗುಳಿಗಿ ನುಂಗೋರು ಈಗ ಮನಿಗೊಬ್ರು ಅದಾರ, 5 ಮಿ.ಗ್ರಾಂ., 10 ಮಿ.ಗ್ರಾಂ. ಸ್ಟ್ರೆಪ್ಟಾವಿಡಿನ್-ಬಯೋಟಿನ್ ಮ್ಯಾಲೆ ನಡೆಯೋ ಯಂತ್ರದಾಗ ಅದು ಸ್ಯಾಂಡ್‌ವಿಚ್ ಟೆಸ್ಟ್ ತಗ್ಗಿಸ್ತದ, ಅಂದ್ರ ಟಿಜಿ, ಟಿಎಸ್‌ಎಚ್ ಎರಡೂ ಸುಳ್ಳು ಕಮ್ಮಿ. ಕಾಂಪಿಟಿಟಿವ್ ಟೆಸ್ಟ್ ಏರಿಸ್ತದ, ಎಫ್‌ಟಿ4 (ಥೈರಾಯ್ಡ್ ಹಾರ್ಮೋನ್) ಸುಳ್ಳು ಜಾಸ್ತಿ. ಸ್ಯಾಂಪಲ್ ತಗೊಳೋ ಮುಂಚೆ ಕೇಳ್ರಿ, ಕನಿಷ್ಠ 2 ದಿನ ಬಿಟ್ಟು ಬರ್ರಿ ಅಂತ ಹೇಳ್ರಿ.

ಸೀರಂ_ರಾಯಚೂರು:
ಹೌದು. ಇನ್ನು ಟಿಜಿ ಸುಳ್ಳು ಹೆಚ್ಚು ಬರುವುದು ಹೆಟೆರೊಫೈಲ್ ಆ್ಯಂಟಿಬಾಡಿಯಿಂದ (ಟೆಸ್ಟಿನ ಆ್ಯಂಟಿಬಾಡಿಗಳಿಗೇ ಅಂಟುವ ರೋಗಿಯ ಆ್ಯಂಟಿಬಾಡಿ). ಸ್ಕ್ಯಾನಿನಲ್ಲಿ ಏನೂ ಇಲ್ಲ, ಟಿಎಸ್‌ಎಚ್ ಏರಿದರೂ ತಗ್ಗಿದರೂ ಟಿಜಿ ಅಲ್ಲಾಡುತ್ತಿಲ್ಲ ಅಂದರೆ ಸಂಶಯಪಡಿ. ಸೀರಂ ದುರ್ಬಲಗೊಳಿಸಿ 1:2, 1:4, 1:8 ಓಡಿಸಿ. ನಿಜವಾದ ಟಿಜಿ ಲೆಕ್ಕಕ್ಕೆ ಸರಿಯಾಗಿ ಇಳಿಯುತ್ತದೆ, ಸುಳ್ಳು ಟಿಜಿ ಅಡ್ಡಾದಿಡ್ಡಿ. ಅದನ್ನು ತಡೆಯುವ ಬ್ಲಾಕಿಂಗ್ ಟ್ಯೂಬ್ ಇದ್ದರೆ ಅದರಲ್ಲೂ ಹಾಕಿ ನೋಡಿ.

ಕುತ್ತಿಗೆ_ಸರ್ಜನ್:
ಕುತ್ತಿಗೆಯ ಲಿಂಫ್ ಗಂಟಿಗೆ ಒಂದು ಅಗ್ಗದ ಉಪಾಯ ಇದೆ, ನಮ್ಮ ಕಡೆ ಯಾಕೋ ಕಡಿಮೆ ಬಳಕೆ. ಸ್ಕ್ಯಾನ್ ನೋಡುತ್ತ 25-27 ಗೇಜ್ ಸೂಜಿಯಿಂದ ಚುಚ್ಚಿ ಸ್ಲೈಡ್ ಮಾಡಿದ ಮೇಲೆ ಅದೇ ಸೂಜಿಯನ್ನು 1 ಮಿ.ಲೀ. ಸಲೈನಿನಿಂದ ತೊಳೆದು ಆ ನೀರಿನಲ್ಲಿ ಟಿಜಿ ಅಳೆಯಿರಿ. ಯುರೋಪಿನ 2013ರ ಮಾರ್ಗಸೂಚಿ ಪ್ರಕಾರ 1 ನ್ಯಾನೊಗ್ರಾಂ/ಮಿ.ಲೀ.ಗಿಂತ ಕಡಿಮೆ ಇದ್ದರೆ ಸಹಜ, 10ಕ್ಕಿಂತ ಹೆಚ್ಚಿದ್ದರೆ ಕ್ಯಾನ್ಸರ್ ಹರಡಿದ ಸೂಚನೆ, ನಡುವೆ ಬಂದರೆ ಸ್ಲೈಡ್ ಜೊತೆ ಕೂಡಿಸಿ ಓದಿ. ನೀರು ತುಂಬಿದ ಗಂಟಿನಲ್ಲಿ ಸ್ಲೈಡಿನಲ್ಲಿ ಕೋಶವೇ ಸಿಗದು, ಅಂಥಲ್ಲಿ ಇದೇ ದಿಕ್ಕು. ರಕ್ತದ ಆ್ಯಂಟಿ-ಟಿಜಿ ಇದಕ್ಕೆ ಅಷ್ಟಾಗಿ ಅಡ್ಡ ಬರುವುದಿಲ್ಲ. 5 ಮಿ.ಲೀ.ನಲ್ಲಿ ತೊಳೆದರೆ ಅಷ್ಟೇ ಟಿಜಿ ಐದು ಪಟ್ಟು ತೆಳುವಾಗಿ ನೆಗೆಟಿವ್ ಆದೀತು, ಆದ್ದರಿಂದ ಎಷ್ಟು ಸಲೈನ್ ಅಂತ ಫಾರ್ಮಿನಲ್ಲಿ ಬರೆಯಿರಿ.

ಪಿಜಿ_ಕೊಪ್ಪಳ:
ಕ್ಯಾಲ್ಸಿಟೋನಿನ್?

ಸೀರಂ_ರಾಯಚೂರು:
ಅದು ಥೈರಾಯ್ಡಿನ ಸಿ-ಕೋಶದ ಹಾರ್ಮೋನ್, ಇಮ್ಯೂನ್ ಮಾರ್ಕರ್ ಅಲ್ಲ. ಅಳೆಯುವುದು ಮಾತ್ರ ಇಮ್ಯುನೊಅಸ್ಸೇಯಿಂದ (ಆ್ಯಂಟಿಬಾಡಿ ಬಳಸುವ ಟೆಸ್ಟ್), ಹಾಗಾಗಿ ಅದೇ ಮೋಸಗಳು ಇದಕ್ಕೂ ಇವೆ. ಎಫ್‌ಎನ್‌ಎಸಿ ಒಂದನ್ನೇ ನಂಬಿದರೆ ಮೆಡ್ಯುಲ್ಲರಿ ಕ್ಯಾನ್ಸರ್ (ಸಿ-ಕೋಶದ ಕ್ಯಾನ್ಸರ್) ಹತ್ತಿರ ಅರ್ಧದಷ್ಟು ತಪ್ಪಿಸಿಕೊಳ್ಳುತ್ತದೆ, ಸಂಶಯ ಇದ್ದಲ್ಲಿ ಕೇಳಿ. 100 ಪಿಕೊಗ್ರಾಂ/ಮಿ.ಲೀ. ದಾಟಿದರೆ ಬಲವಾದ ಸಂಶಯ. ಕಿಡ್ನಿ ವೈಫಲ್ಯ, ಆ್ಯಸಿಡಿಟಿಯ ಪಿಪಿಐ ಮಾತ್ರೆಗಳಿಂದ ಸ್ವಲ್ಪ ಏರುತ್ತದೆ. ಗಂಟು ದೊಡ್ಡದಿದ್ದೂ ಸಂಖ್ಯೆ ಸಣ್ಣದಿದ್ದರೆ ಹುಕ್ ಎಫೆಕ್ಟ್ (ಅತಿ ಹೆಚ್ಚಿದ್ದಾಗ ಟೆಸ್ಟ್ ಸುಳ್ಳು ಕಡಿಮೆ ತೋರಿಸುವುದು) ಇರಬಹುದು, ದುರ್ಬಲಗೊಳಿಸಿ ಮತ್ತೆ ಓಡಿಸಿ. ಟಿಜಿ ಸೀರಂ ಸ್ವಲ್ಪ ತಡೆದೀತು, ಕ್ಯಾಲ್ಸಿಟೋನಿನ್ ತಡೆಯದು: ಐಸಿನ ಮೇಲೆ ತಗೊಂಡು ಬೇಗ ಬೇರ್ಪಡಿಸಿ, ಹೆಪ್ಪುಗಟ್ಟಿಸಿಯೇ ಕಳಿಸಿ. 42 ಡಿಗ್ರಿ ಬಿಸಿಲಿನಲ್ಲಿ ರಾಯಚೂರು ಬಸ್ ಸ್ಟ್ಯಾಂಡಿನ ಪಾರ್ಸೆಲ್ ಕೌಂಟರಿನಲ್ಲಿ ಕೂತ ಟ್ಯೂಬಿನಿಂದ ಬಂದ 'ನಾರ್ಮಲ್' ಯಾರಿಗೂ ಉಪಯೋಗ ಇಲ್ಲ.

ಕುತ್ತಿಗೆ_ಸರ್ಜನ್:
ಕ್ಯಾಲ್ಸಿಟೋನಿನ್ ಪಾಸಿಟಿವ್ ಬಂದರೆ ಸಿಇಎ (ಮತ್ತೊಂದು ಕ್ಯಾನ್ಸರ್ ಮಾರ್ಕರ್), ಕ್ಯಾಲ್ಸಿಯಂ, ರೆಟ್ ಜೀನ್ (ಆನುವಂಶಿಕ ಬಗೆಗೆ ಕಾರಣವಾದದ್ದು) ಪರೀಕ್ಷೆ. ಮೆಟಾನೆಫ್ರಿನ್ ನೋಡಿ ಫಿಯೊಕ್ರೊಮೊಸೈಟೋಮಾ (ಜೊತೆಗೆ ಬರಬಹುದಾದ ಅಡ್ರಿನಲ್ ಗಡ್ಡೆ) ಇಲ್ಲ ಅಂತ ಖಚಿತ ಆಗುವ ತನಕ ಆಪರೇಷನ್ ಟೇಬಲ್ ಮೇಲೆ ಹಾಕಬಾರದು.

ಪಿಜಿ_ಕೊಪ್ಪಳ:
ನ್ಯೂಟ್ರೊಫಿಲ್-ಲಿಂಫೋಸೈಟ್ ಅನುಪಾತ ಮತ್ತು ಪಿಡಿ-ಎಲ್1 ಬಗ್ಗೆಯೂ ಒಂದು ಮಾತು ಹೇಳಿ.

ಸೈಟೊ_ಬಳ್ಳಾರಿ:
ಆ ಅನುಪಾತ ಜ್ವರ, ಸ್ಟಿರಾಯ್ಡ್, ಹಲ್ಲಿನ ಕೀವಿಗೂ ಬದಲಾಗುತ್ತದೆ, ಗಂಟಿನ ಪತ್ತೆಗೆ ಬಳಸಬೇಡಿ. ಪಿಡಿ-ಎಲ್1 (ರೋಗನಿರೋಧಕ ಕೋಶಗಳನ್ನು ತಡೆಯುವ ಪ್ರೋಟೀನ್) ಅನಾಪ್ಲಾಸ್ಟಿಕ್‌ನಂಥ ಉಗ್ರ ಕ್ಯಾನ್ಸರ್‌ನಲ್ಲಿ ಇಮ್ಯುನೊಥೆರಪಿ ಯೋಚಿಸುವಾಗ ನೋಡುವುದು. ಹ್ಯಾಶಿಮೊಟೊದ ಉರಿಯೂತದಲ್ಲೂ ಅದು ಹಿಡಿಯುತ್ತದೆ, ಹಾಗಾಗಿ ರೋಗ ಪತ್ತೆಗೆ ಬಾರದು.

ಲಿಂಫೋಸೈಟ್ ಗುರುತುಗಳು ನಿಜವಾಗಿ ರೋಗ ಹೇಳುವ ಜಾಗ ಒಂದಿದೆ. ಹ್ಯಾಶಿಮೊಟೊ ಇರುವ ವಯಸ್ಸಾದ ಹೆಂಗಸರಲ್ಲಿ ಗ್ರಂಥಿ ಕೆಲವೇ ವಾರಗಳಲ್ಲಿ ದಪ್ಪಗಾಗಿ ಉಸಿರು, ನುಂಗುವುದು ಕಷ್ಟವಾದರೆ ಥೈರಾಯ್ಡ್ ಲಿಂಫೋಮಾ (ಲಿಂಫೋಸೈಟ್‌ಗಳ ಕ್ಯಾನ್ಸರ್) ನೆನೆಯಿರಿ. ಸ್ಲೈಡಿನಲ್ಲಿ ಬರೇ ಲಿಂಫೋಸೈಟ್ ಕಂಡು 'ಥೈರಾಯ್ಡೈಟಿಸ್' ಅಂತ ಬರೆದುಬಿಡುವ ಸಂಭವ ಹೆಚ್ಚು. ಒಂದು ಚುಚ್ಚನ್ನು ಫಾರ್ಮಲಿನ್‌ಗೆ ಹಾಕದೆ ತಾಜಾ ಆಗಿ ಫ್ಲೋ ಸೈಟೊಮೆಟ್ರಿಗೆ (ಕೋಶಗಳನ್ನು ಗುರುತಿನಿಂದ ವಿಂಗಡಿಸಿ ಎಣಿಸುವ ಪರೀಕ್ಷೆ) ಕಳಿಸಿ, ಕಪ್ಪಾ-ಲ್ಯಾಂಬ್ಡಾ (ಬಿ-ಕೋಶಗಳ ಎರಡು ಗುರುತು) ನೋಡಬೇಕು. ಬಿ-ಕೋಶಗಳು ಒಂದೇ ಬಗೆಯವಾಗಿದ್ದರೆ ಕೋರ್ ಬಯಾಪ್ಸಿ. ಇದರಲ್ಲಿ ಚಿಕಿತ್ಸೆ ಗ್ರಂಥಿ ತೆಗೆಯುವುದಲ್ಲ, ಕೀಮೊ ಮತ್ತು ರೇಡಿಯೇಷನ್. ಆದ್ದರಿಂದ ಸರ್ಜನ್ ಕೈಗೆ ಹೋಗುವ ಮುಂಚೆ ಗೊತ್ತಾಗಬೇಕು.

ಪಿಜಿ_ಕೊಪ್ಪಳ:
ಕೊನೆಯ ಪ್ರಶ್ನೆ. ಎಫ್‌ಎನ್‌ಎಸಿ ಫಾರ್ಮಿನ ಜೊತೆ ನಿಮಗೆ ಏನೇನು ಬರೆದು ಕಳಿಸಬೇಕು?

ಸೈಟೊ_ಬಳ್ಳಾರಿ:
ವಯಸ್ಸು, ಗಂಟು ಇರುವ ಕಡೆ ಮತ್ತು ಅಳತೆ, ಟೈರಾಡ್ಸ್, ಸುಣ್ಣದ ಚುಕ್ಕೆ ಇದೆಯೇ, ಟಿಎಸ್‌ಎಚ್, ಆ್ಯಂಟಿ-ಟಿಪಿಒ, ಮೆಥಿಮಜೋಲ್ ಅಥವಾ ಕಾರ್ಬಿಮಜೋಲ್ (ಥೈರಾಯ್ಡ್ ಹಾರ್ಮೋನ್ ತಗ್ಗಿಸುವ ಮಾತ್ರೆ) ತಗೊಂಡಿದ್ದಾರೆಯೇ, ರೇಡಿಯೊ ಅಯೋಡಿನ್ ಆಗಿದೆಯೇ (ಆಗಿದ್ದರೆ ಕೋಶಗಳು ವಿಕಾರವಾಗಿ ಕಾಣುತ್ತವೆ), ಹಿಂದೆ ಸೂಜಿ ಹಾಕಿದ ತಾರೀಖು, ಎಷ್ಟು ಚುಚ್ಚು, ಅದರಲ್ಲಿ ಸೆಲ್ ಬ್ಲಾಕಿಗೆ ಎಷ್ಟು. ಒಂದಕ್ಕಿಂತ ಹೆಚ್ಚು ಗಂಟು ಇದ್ದರೆ ಒಂದೊಂದಕ್ಕೂ ಬೇರೆ ಸ್ಲೈಡ್, ಬೇರೆ ನಂಬರ್. ಸ್ಲೈಡ್ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಅಳಿಸಿಹೋಗುತ್ತದೆ.